ಅಪ್ಪನ ಕಾಲದ ತೀರ್ಪು ಇಂದಿನ ಪಾಲಿನ ದಾವೆಗೆ ಅಡ್ಡ ಬರುತ್ತದೆಯೇ?

ತಾತನ ಜಮೀನಿಗಾಗಿ ಅಪ್ಪ ಮತ್ತು ಚಿಕ್ಕಪ್ಪ ಕೋರ್ಟು ಹತ್ತಿ, ವರ್ಷಗಟ್ಟಲೆ ಅಲೆದು, ಒಂದು ತೀರ್ಪು ಪಡೆದಿರುತ್ತಾರೆ. ಇಬ್ಬರೂ ತೀರಿಹೋದ ಮೇಲೆ ಚಿಕ್ಕಪ್ಪನ ಮಗ ಅದೇ ಸರ್ವೆ ನಂಬರಿಗೆ ಮತ್ತೊಂದು ದಾವೆ ಹೂಡುತ್ತಾನೆ. ಸಮನ್ಸ್ ಹಿಡಿದುಕೊಂಡ ಮನೆಯವರು, "ಇದು ಮುಗಿದ ಕೇಸಲ್ಲವೇ, ಮತ್ತೆ ಹೇಗೆ ಹಾಕಿದರು?" ಎಂದು ಕೇಳುತ್ತಾರೆ. ಇನ್ನೊಂದು ಮನೆಯಲ್ಲಿ, ಅಣ್ಣತಮ್ಮಂದಿರ ನಡುವೆ ನಡೆದ ಪಾಲಿನ ಕೇಸಿನಲ್ಲಿ ತನ್ನನ್ನು ಯಾರೂ ಕೇಳಲೇ ಇಲ್ಲ ಎಂದು ಕೊರಗುವ ಮಗಳಿರುತ್ತಾಳೆ. "ಆಗಲೇ ಡಿಕ್ರಿ ಆಗಿದೆಯಮ್ಮ, ಈಗೇನೂ ಮಾಡೋಕಾಗಲ್ಲ" ಎಂದು ಅವಳನ್ನು ಸಮಾಧಾನಪಡಿಸಿ ಕಳಿಸಿರುತ್ತಾರೆ.

ಹಳೆಯ ಕಡತ ತೆರೆದು ನೋಡುವವರೆಗೆ ಈ ಎರಡು ಮಾತುಗಳಲ್ಲಿ ಯಾವುದನ್ನೂ ನಂಬಬೇಡಿ. ಹಿಂದೆ ಒಂದು ಕೇಸು ನಡೆದಿತ್ತು ಎಂಬುದಷ್ಟೇ ಹೊಸ ದಾವೆಗೆ ತಡೆಯಲ್ಲ. ಯಾರ ಯಾರ ನಡುವೆ, ಯಾವ ಪ್ರಶ್ನೆಯನ್ನು ಕೋರ್ಟು ತೀರ್ಮಾನಿಸಿತು, ಆ ತೀರ್ಮಾನ ಅಂತಿಮವಾಯಿತೇ ಎಂಬುದನ್ನು ನೋಡಬೇಕು. ಮನೆಯವರ ನೆನಪಿನಲ್ಲಿ ಉಳಿದಿರುವುದು "ನಾವು ಗೆದ್ದೆವು", "ಅವರು ಸೋತರು" ಎಂಬುದು ಮಾತ್ರ. ಕಾನೂನು ಕೇಳುವುದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ.

ನಿಯಮ ಏಕೆ ಹೀಗಿದೆ

ಒಮ್ಮೆ ತೀರ್ಮಾನವಾದದ್ದನ್ನು ಅದೇ ಜನ ಮತ್ತೆ ಕೆದಕಬಾರದು ಎಂಬ ನಿಯಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮಿನಲ್ಲಿದೆ. ವಕೀಲರು ಇದನ್ನು ರೆಸ್ ಜುಡಿಕೇಟಾ ಎನ್ನುತ್ತಾರೆ. ನಮ್ಮ ನೆಲಕ್ಕೆ ಇದು ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರ ಪ್ರತಿವಾದಿ ಕೊಡಬಹುದಾದ ನಾಲ್ಕು ಬಗೆಯ ಉತ್ತರಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಪೂರ್ವನ್ಯಾಯ: "ಈ ವ್ಯಾಜ್ಯದಲ್ಲಿ ನೀನು ಹಿಂದೆಯೇ ಸೋತಿದ್ದೀಯೆ." ಅವಿಭಕ್ತ ಕುಟುಂಬದ ಆಸ್ತಿಯ ಕಾನೂನಿಗೆ ಆಧಾರವಾದ ಗ್ರಂಥವೇ ಈ ಉತ್ತರಕ್ಕೂ ಜಾಗ ಕೊಟ್ಟಿತ್ತು.

ಉದ್ದೇಶ ಎರಡು. ಒಬ್ಬನನ್ನು ಒಂದೇ ಕಾರಣಕ್ಕೆ ಎರಡು ಬಾರಿ ಕೋರ್ಟಿಗೆ ಎಳೆದು ಕಾಡಬಾರದು. ವ್ಯಾಜ್ಯಕ್ಕೆ ಎಲ್ಲಾದರೂ ಒಂದು ಕೊನೆ ಇರಬೇಕು. ಕುಟುಂಬದ ಆಸ್ತಿಯಲ್ಲಿ ಈ ಎರಡನೆಯದು ಬಹಳ ಮುಖ್ಯ. ಪಾಲು ತೀರ್ಮಾನವಾಗದ ಜಮೀನನ್ನು ಮಾರಲಾಗದು, ಸಾಲಕ್ಕೆ ಅಡವಿಡಲಾಗದು, ಅದರಲ್ಲಿ ಬೋರ್ ಕೊರೆಸಲೂ ಧೈರ್ಯ ಬರುವುದಿಲ್ಲ.

ಒಂದು ಕಹಿ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಅಧಿಕಾರವಿದ್ದ ಕೋರ್ಟು ತಪ್ಪು ತೀರ್ಪು ಕೊಟ್ಟಿದ್ದರೂ, ಅದು ಅಂತಿಮವಾದ ಮೇಲೆ ನಿಮ್ಮನ್ನು ಕಟ್ಟಿಹಾಕುತ್ತದೆ. ತಪ್ಪನ್ನು ತಿದ್ದಿಸಲು ಇರುವ ದಾರಿ ಮೇಲ್ಮನವಿ, ಹೊಸ ದಾವೆಯಲ್ಲ. "ಆ ತೀರ್ಪಿನಲ್ಲಿ ನ್ಯಾಯವಿಲ್ಲ" ಎಂಬ ನೋವಿನಿಂದಲೇ ಎರಡನೇ ದಾವೆಗೆ ಇಳಿದು, ಇದ್ದ ಜಮೀನನ್ನೂ ಖರ್ಚಿಗೆ ಮಾರಿಕೊಂಡವರಿದ್ದಾರೆ.

ಹಳೆಯ ತೀರ್ಪಿಗೆ ಕೇಳಬೇಕಾದ ಐದು ಪ್ರಶ್ನೆಗಳು

ಹಳೆಯ ತೀರ್ಪು ಹೊಸ ದಾವೆಗೆ ತಡೆಯಾಗಬೇಕಾದರೆ ಈ ಐದಕ್ಕೂ "ಹೌದು" ಎಂಬ ಉತ್ತರ ಬರಬೇಕು. ಒಂದಕ್ಕೆ "ಇಲ್ಲ" ಬಂದರೂ ತಡೆ ಸಡಿಲವಾಗುತ್ತದೆ.

1. ಈಗಿನ ವಿವಾದದ ಪ್ರಶ್ನೆ ಆಗಲೂ ನೇರವಾಗಿ, ಮುಖ್ಯವಾಗಿ ಕೋರ್ಟಿನ ಮುಂದಿತ್ತೇ? ತೀರ್ಪಿನಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಪ್ರಸ್ತಾಪವಾಗಿದ್ದರೆ ಸಾಲದು. ಆ ತೀರ್ಪು ನಿಲ್ಲಲು ಆ ಪ್ರಶ್ನೆಗೆ ಉತ್ತರ ಅಗತ್ಯವಾಗಿತ್ತೇ ಎಂಬುದೇ ಅಳತೆ.

2. ಕಕ್ಷಿಗಾರರು ಅವರೇ, ಅಥವಾ ಅವರ ಮೂಲಕ ಹಕ್ಕು ಕೇಳುವವರೇ? ಅಪ್ಪ ಸೋತಿದ್ದರೆ, ಅಪ್ಪನಿಂದ ಬಂದ ಹಕ್ಕನ್ನೇ ಕೇಳುವ ಮಗನೂ ಸೋತಂತೆ. ದಾವೆ ಹೂಡಿದ ಮೇಲೆ ಜಮೀನು ಕೊಂಡವನೂ ಬದ್ಧ. ಆದರೆ ದಾವೆಗೂ ಮೊದಲೇ ಕ್ರಯಕ್ಕೆ ಪಡೆದು, ಕೇಸಿನಲ್ಲಿ ಕಕ್ಷಿಗಾರನಾಗದೇ ಉಳಿದವನನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ.

3. ಅದೇ ಹಕ್ಕಿನ ನೆಲೆಯಲ್ಲಿ ಹೋರಾಡಿದ್ದರೇ? ಹಿಂದೆ ದೇವಸ್ಥಾನದ ಧರ್ಮದರ್ಶಿಯಾಗಿ ಕೋರ್ಟಿಗೆ ಹೋಗಿದ್ದವನು ಈಗ ಸ್ವಂತ ವಾರಸುದಾರಿಕೆಯಿಂದ ಕೇಳುತ್ತಿದ್ದರೆ ಮನುಷ್ಯ ಒಬ್ಬನೇ, ಹಕ್ಕಿನ ನೆಲೆ ಬೇರೆ.

4. ಆ ಕೋರ್ಟಿಗೆ ಆ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರವಿತ್ತೇ? ಕೆಳಗಿನ ಶ್ರೇಣಿಯ ಸಿವಿಲ್ ಜಡ್ಜ್ ಕೋರ್ಟು ಎಂಬ ಒಂದೇ ಕಾರಣಕ್ಕೆ ತೀರ್ಪನ್ನು ತಳ್ಳಿಹಾಕುವಂತಿಲ್ಲ. 1976ರಲ್ಲಿ ಸೇರಿಸಿದ ವಿವರಣೆಯಂತೆ, ಸೀಮಿತ ಅಧಿಕಾರದ ಕೋರ್ಟು ತನ್ನ ಮಿತಿಯೊಳಗೆ ಕೊಟ್ಟ ತೀರ್ಮಾನವೂ ಮುಂದಿನ ದಾವೆಯಲ್ಲಿ ತಡೆಯಾಗುತ್ತದೆ.

5. ವಾದ ಆಲಿಸಿ ಅಂತಿಮವಾಗಿ ತೀರ್ಮಾನಿಸಿತೇ? ಮೇಲ್ಮನವಿ ಇನ್ನೂ ಬಾಕಿಯಿದ್ದರೆ ತೀರ್ಪು ಅಂತಿಮವಲ್ಲ. ಅಂಥ ಸಂದರ್ಭದಲ್ಲಿ ಹೊಸ ದಾವೆಯ ವಿಚಾರಣೆಯನ್ನು 10ನೇ ಕಲಮಿನಡಿ ತಡೆಹಿಡಿಯುವಂತೆ ಕೇಳಬಹುದು.

ಎರಡನೇ ಪ್ರಶ್ನೆಗೆ ಕುಟುಂಬದ ಕೇಸುಗಳಲ್ಲಿ ಒಂದು ತಿರುವಿದೆ. ಮನೆಯ ಯಜಮಾನ ಇಡೀ ಕುಟುಂಬದ ಪರವಾಗಿ, ಪ್ರಾಮಾಣಿಕವಾಗಿ, ಹೊರಗಿನವರ ಎದುರು ಕೇಸು ನಡೆಸಿದ್ದರೆ, ಹೆಸರು ಇಲ್ಲದ ಸದಸ್ಯರಿಗೂ ಆ ತೀರ್ಪು ಅನ್ವಯಿಸಬಹುದು. ಪಾಲಿನ ದಾವೆ ಮಾತ್ರ ಬೇರೆ. ಅಲ್ಲಿ ಮನೆಯವರ ಹಿತಗಳೇ ಒಂದಕ್ಕೊಂದು ಎದುರು. ಆದ್ದರಿಂದ ಪ್ರತಿಯೊಬ್ಬ ಪಾಲುದಾರನೂ ಅಗತ್ಯ ಕಕ್ಷಿಗಾರ. ಪಾಲುದಾರಳಾದ ಮಗಳನ್ನು ಬಿಟ್ಟು ಪಡೆದ ಡಿಕ್ರಿ ಅವಳನ್ನು ಕಟ್ಟಿಹಾಕುವುದಿಲ್ಲ.

ಪಾಲಿನ ದಾವೆಯಲ್ಲಿ ಪ್ರತಿವಾದಿಗಳೂ ಪಾಲುದಾರರೇ. ಹಾಗಾಗಿ ಪ್ರತಿವಾದಿಗಳ ನಡುವೆಯೂ ತೀರ್ಪು ತಡೆಯಾಗಬಹುದು. ಕಿರಿಯವನು ಪಾಲು ಕೇಳಿದ ದಾವೆಯಲ್ಲಿ ಅಣ್ಣ ಮತ್ತು ಅಕ್ಕ ಇಬ್ಬರೂ ಪ್ರತಿವಾದಿಗಳಾಗಿದ್ದರು ಎನ್ನಿ. ಅಪ್ಪನ ವಿಲ್ ನಿಜವೆಂದು ಅಣ್ಣ ಹೇಳಿದ, ಸುಳ್ಳೆಂದು ಅಕ್ಕ ಹೇಳಿದಳು. ಕಿರಿಯವನಿಗೆ ಪಾಲು ಎಷ್ಟೆಂದು ಹೇಳಲು ವಿಲ್ಲಿನ ಪ್ರಶ್ನೆ ಬಿಡಿಸಲೇಬೇಕಿತ್ತು, ಕೋರ್ಟು ಬಿಡಿಸಿತು. ಆಗ ಆ ತೀರ್ಮಾನ ಅಣ್ಣ-ಅಕ್ಕನ ನಡುವೆಯೂ ಗಟ್ಟಿ. ಪ್ರೀವಿ ಕೌನ್ಸಿಲ್ 1931ರಲ್ಲಿ ಹಾಕಿದ ಈ ಅಳತೆಯನ್ನೇ ಇಂದಿಗೂ ಬಳಸುತ್ತಾರೆ.

ಹೇಳಬೇಕಿದ್ದನ್ನು ಹೇಳದೆ ಬಿಟ್ಟಿದ್ದರೆ

"ಆಗ ನಾವು ವಿಲ್ ವಿಚಾರ ಎತ್ತಲೇ ಇಲ್ಲ, ಈಗ ಎತ್ತುತ್ತೇವೆ" ಎನ್ನುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. 11ನೇ ಕಲಮಿನ ನಾಲ್ಕನೇ ವಿವರಣೆಯ ಪ್ರಕಾರ, ಹಿಂದಿನ ದಾವೆಯಲ್ಲಿ ಎತ್ತಬಹುದಾಗಿದ್ದ ಮತ್ತು ಎತ್ತಲೇಬೇಕಾಗಿದ್ದ ವಾದವನ್ನು ಎತ್ತದಿದ್ದರೂ, ಎತ್ತಿ ಸೋತಂತೆಯೇ ಲೆಕ್ಕ. ಪಾಲಿನ ದಾವೆಗೆ ಪ್ರತಿವಾದಿಯಾಗಿದ್ದು, ಪೆಟ್ಟಿಗೆಯಲ್ಲಿದ್ದ ವಿಲ್ಲನ್ನು ಹೊರತೆಗೆಯದೆ ಸುಮ್ಮನಿದ್ದು, ಡಿಕ್ರಿ ಆದ ಮೇಲೆ ಅದನ್ನು ಹಿಡಿದು ಬಂದರೆ ಕೋರ್ಟು ಒಪ್ಪುವುದಿಲ್ಲ. ಹಾಗೆಯೇ ವಾದಪತ್ರದಲ್ಲಿ ಕೇಳಿದ್ದ ಪರಿಹಾರವೊಂದನ್ನು ಕೋರ್ಟು ಸ್ಪಷ್ಟವಾಗಿ ಕೊಡದಿದ್ದರೆ, ನಿರಾಕರಿಸಿದೆ ಎಂದೇ ಅರ್ಥ.

ಆಸ್ತಿಗಳನ್ನು ಬಿಟ್ಟು ದಾವೆ ಹೂಡುವ ಅಭ್ಯಾಸಕ್ಕೂ ಇಂಥದೇ ಅಪಾಯವಿದೆ. ಊರಿನ ಜಮೀನು ಈಗ, ಬೆಂಗಳೂರಿನ ಸೈಟು ಆಮೇಲೆ ಎಂದು ಬೇರೆ ಬೇರೆ ಮಾಡಿದರೆ, ಸಂಹಿತೆಯ 2ನೇ ಆದೇಶದ 2ನೇ ನಿಯಮ ಎದುರಾಗುತ್ತದೆ. ಒಂದೇ ಕಾರಣದಿಂದ ಹುಟ್ಟಿದ ಹಕ್ಕನ್ನೆಲ್ಲ ಒಂದೇ ದಾವೆಯಲ್ಲಿ ಕೇಳಬೇಕು ಎನ್ನುತ್ತದೆ ಅದು. ಆಗ ನಿಜಕ್ಕೂ ಗೊತ್ತೇ ಇರದ ಆಸ್ತಿ ನಂತರ ಬೆಳಕಿಗೆ ಬಂದರೆ ವಾದಕ್ಕೆ ಜಾಗ ಉಂಟು. ಗೊತ್ತಿದ್ದೂ ಬಿಟ್ಟದ್ದಕ್ಕೆ ಕಷ್ಟ.

ಬರೀ ಇಂಜಂಕ್ಷನ್ ದಾವೆಯಲ್ಲಿ ಗೆದ್ದಿದ್ದರೆ ಮಾಲೀಕತ್ವ ಸಿಕ್ಕಂತೆಯೇ?

ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಪ್ರಶ್ನೆ ಇದು. ಅಣ್ಣತಮ್ಮಂದಿರ ಜಗಳ ಮೊದಲು ಕೋರ್ಟಿಗೆ ಹೋಗುವುದು ಬಹುಪಾಲು ಇಂಜಂಕ್ಷನ್ ದಾವೆಯಾಗಿ: "ನನ್ನ ಸ್ವಾಧೀನಕ್ಕೆ ಅಡ್ಡಿಪಡಿಸದಂತೆ ತಡೆಯಿರಿ." ಆ ದಾವೆಯಲ್ಲಿ ಕೋರ್ಟು ಮುಖ್ಯವಾಗಿ ನೋಡುವುದು, ದಾವೆ ಹೂಡಿದ ದಿನ ಜಮೀನು ಯಾರ ಸ್ವಾಧೀನದಲ್ಲಿತ್ತು ಎಂಬುದನ್ನು. ಪಹಣಿ, ಕಂದಾಯದ ರಸೀದಿ, ಅಕ್ಕಪಕ್ಕದ ಹೊಲದವರ ಸಾಕ್ಷ್ಯ ನೋಡಿ ತೀರ್ಪು ಕೊಡುತ್ತದೆ. ಹಕ್ಕಿನ ಬಗ್ಗೆ ಅಲ್ಲಿ ಬಂದ ಮಾತು ಸಾಮಾನ್ಯವಾಗಿ ಪ್ರಾಸಂಗಿಕ. ಆದ್ದರಿಂದ ಇಂಜಂಕ್ಷನ್ ದಾವೆಯಲ್ಲಿ ಸೋತ ತಮ್ಮ ನಂತರ ಪಾಲಿನ ದಾವೆ ಹೂಡಿದರೆ, ಹಳೆಯ ತೀರ್ಪು ಅವನಿಗೆ ಎಷ್ಟೋ ಬಾರಿ ಅಡ್ಡಿಯಾಗುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಒಬ್ಬನ ಸ್ವಾಧೀನವನ್ನು ಎಲ್ಲರ ಸ್ವಾಧೀನವೆಂದೇ ಕಾನೂನು ಭಾವಿಸುವುದರಿಂದ, ಅಣ್ಣ ಉಳುತ್ತಿದ್ದ ಎಂಬ ತೀರ್ಮಾನದಿಂದ ತಮ್ಮನ ಪಾಲು ಕರಗುವುದಿಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಹೆಸರಿಗೆ ಇಂಜಂಕ್ಷನ್ ದಾವೆಯಾಗಿದ್ದರೂ ಎರಡೂ ಕಡೆಯವರು ಹಕ್ಕಿನ ಬಗ್ಗೆಯೇ ವಾದ ಮಂಡಿಸಿ, ಕೋರ್ಟು ಅದಕ್ಕೆ ವಿವಾದಾಂಶ ರೂಪಿಸಿ, ಸಾಕ್ಷ್ಯ ಪಡೆದು, ತೀರ್ಮಾನ ಕೊಟ್ಟಿದ್ದರೆ, ಆ ತೀರ್ಮಾನ ಮುಂದಿನ ದಾವೆಗೆ ತಡೆಯಾಗುತ್ತದೆ. "1985ರಲ್ಲೇ ಬಾಯಿಮಾತಿನ ಪಾಲಾಗಿದೆ" ಎಂದು ಅಣ್ಣ ಹೇಳಿ, ತಮ್ಮ ಅಲ್ಲಗಳೆದು, "ಪಾಲು ಆಗಿತ್ತೇ?" ಎಂಬ ವಿವಾದಾಂಶಕ್ಕೆ ಕೋರ್ಟು "ಆಗಿತ್ತು" ಎಂದು ಉತ್ತರಿಸಿದ್ದರೆ ತಮ್ಮನ ಪಾಲಿನ ದಾವೆಗೆ ದೊಡ್ಡ ತೊಡಕು. ಹಾಗಾಗಿ ಡಿಕ್ರಿಯ ಒಂದು ಪುಟ ನೋಡಿ ನಿರ್ಧರಿಸಬೇಡಿ. ತೀರ್ಪಿನಲ್ಲಿ ವಿವಾದಾಂಶಗಳ ಪಟ್ಟಿ ಎಲ್ಲಿದೆ ಹುಡುಕಿ. ಪ್ರತಿ ವಿವಾದಾಂಶದ ಎದುರು "ಸಕಾರಾತ್ಮಕ", "ನಕಾರಾತ್ಮಕ" ಎಂದು ಬರೆದಿರುತ್ತಾರೆ. ನಿಮ್ಮ ಹೊಸ ದಾವೆಯ ಹಣೆಬರಹ ಬಹುಮಟ್ಟಿಗೆ ಆ ಅರ್ಧ ಪುಟದಲ್ಲಿದೆ.

ಕಂದಾಯ ಇಲಾಖೆಯ ಆದೇಶಗಳ ಬಗ್ಗೆಯೂ ಒಂದು ಮಾತು. ತಹಶೀಲ್ದಾರರು ಖಾತೆ ಬದಲಾವಣೆ ಮಾಡಿದ್ದು, ಉಪವಿಭಾಗಾಧಿಕಾರಿಗಳು ಮೇಲ್ಮನವಿಯಲ್ಲಿ ಅದನ್ನು ಎತ್ತಿಹಿಡಿದದ್ದು ಆಸ್ತಿಯ ಹಕ್ಕಿನ ತೀರ್ಮಾನವಲ್ಲ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಪಾಲು ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಸಾಯುವುದೂ ಇಲ್ಲ.

ಪಾಲಿನ ಡಿಕ್ರಿಯ ಎರಡು ಹಂತಗಳು ಮತ್ತು ಹೆಣ್ಣುಮಕ್ಕಳು

ಪಾಲಿನ ದಾವೆ ಒಂದೇ ಡಿಕ್ರಿಯಲ್ಲಿ ಮುಗಿಯುವುದು ಅಪರೂಪ. ಯಾರಿಗೆ ಎಷ್ಟು ಪಾಲು ಎಂದು ಹೇಳುವುದು ಪ್ರಾಥಮಿಕ ಡಿಕ್ರಿ. ಯಾವ ತುಂಡು ಯಾರಿಗೆ ಎಂದು ಅಳೆದು ಹಂಚುವುದು ಅಂತಿಮ ಡಿಕ್ರಿ. ಇವೆರಡರ ನಡುವೆ ಎಷ್ಟೋ ಮನೆಗಳಲ್ಲಿ ದಶಕಗಳೇ ಕಳೆದಿರುತ್ತವೆ. ಅಂತಿಮ ಡಿಕ್ರಿಗೆ ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಅರ್ಜಿಗಾಗಿ ಕಾಯದೆ ಕೋರ್ಟುಗಳೇ ಮುಂದಿನ ಹಂತಕ್ಕೆ ಹೋಗಬೇಕೆಂದು 2022ರಲ್ಲಿ ನಿರ್ದೇಶಿಸಿದೆ. ಆದ್ದರಿಂದ "ಡಿಕ್ರಿ ಆಗಿ ಮೂವತ್ತು ವರ್ಷವಾಯಿತು, ಜಮೀನು ಮಾತ್ರ ಅಳೆದಿಲ್ಲ" ಎನ್ನುವವರಿಗೆ ಹೊಸ ಪಾಲಿನ ದಾವೆ ಬೇಕಿಲ್ಲ. ಹಳೆಯದನ್ನೇ ಮುಂದುವರಿಸಬೇಕು.

ಪ್ರಾಥಮಿಕ ಡಿಕ್ರಿಯ ಬಗ್ಗೆ ತಕರಾರಿದ್ದರೆ ಆಗಲೇ ಮೇಲ್ಮನವಿ ಹೋಗಬೇಕು. ಅಂತಿಮ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಅದನ್ನು ಕೆದಕಲು 97ನೇ ಕಲಮು ಬಿಡುವುದಿಲ್ಲ. ಹಾಗಿದ್ದೂ ಎರಡು ಡಿಕ್ರಿಗಳ ನಡುವೆ ಒಬ್ಬ ಪಾಲುದಾರ ತೀರಿಹೋದರೆ ಅಥವಾ ಕಾನೂನೇ ಬದಲಾದರೆ, ಕೋರ್ಟು ಮತ್ತೊಂದು ಪ್ರಾಥಮಿಕ ಡಿಕ್ರಿ ಮಾಡಿ ಪಾಲನ್ನು ತಿದ್ದಬಹುದು. ಇದನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಒಪ್ಪಿದೆ. ಹೆಣ್ಣುಮಕ್ಕಳ ಹಕ್ಕಿನ ದಾರಿ ತೆರೆದದ್ದು ಈ ಸಂದಿನಲ್ಲೇ.

ಮಗಳನ್ನೂ ಪಾಲುದಾರಳಾಗಿ ಮಾಡಿದ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಅದಕ್ಕೂ ಮೊದಲು ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂದು ಮದುವೆಯ ಭೇದ ಅಳಿಸಿತು. 2005ರಲ್ಲಿ ತಂದೆ ಬದುಕಿರಬೇಕೇ ಎಂಬ ಬಗ್ಗೆ 2015 ಮತ್ತು 2018ರಲ್ಲಿ ಸುಪ್ರೀಂ ಕೋರ್ಟಿನಿಂದ ಒಂದಕ್ಕೊಂದು ಹೊಂದದ ಎರಡು ತೀರ್ಪುಗಳು ಬಂದವು, ಎರಡೂ ಕರ್ನಾಟಕದಿಂದ ಹೋದ ಪ್ರಕರಣಗಳೇ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ. ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿ ಆಗಿರದಿದ್ದರೆ ಮಗಳಿಗೆ ಮಗನಿಗೆ ಸಮನಾದ ಪಾಲು ಕೊಡಬೇಕು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟಿನ ಡಿಕ್ರಿಯ ಮೂಲಕ ಪೂರ್ತಿಯಾದ ಪಾಲನ್ನು ಮಾತ್ರ ಮುಟ್ಟುವಂತಿಲ್ಲ.

ಹೀಗಾಗಿ "ಡಿಕ್ರಿ ಆಗಿದೆ" ಎಂಬ ಮಾತು ಕೇಳಿದ ಹೆಣ್ಣುಮಕ್ಕಳು ತಿರುಗಿ ಕೇಳಬೇಕು: ಯಾವ ಡಿಕ್ರಿ, ಪ್ರಾಥಮಿಕವೋ ಅಂತಿಮವೋ? ದಿನಾಂಕ ಯಾವುದು? ನನ್ನ ಹೆಸರು ಅದರಲ್ಲಿತ್ತೇ?

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. 2015ರ ತೀರ್ಪಿನ ಆಧಾರದ ಮೇಲೆ, ತಂದೆ ಬದುಕಿರಲಿಲ್ಲ ಎಂಬ ಕಾರಣಕ್ಕೆ ನಿಮ್ಮ ದಾವೆ ವಜಾ ಆಗಿ, ನೀವು ಮೇಲ್ಮನವಿ ಹೋಗದೆ ಅದು ಅಂತಿಮವಾಗಿದ್ದರೆ, 2020ರ ತೀರ್ಪು ಬಂತೆಂದು ಹೊಸ ದಾವೆ ಹೂಡುವುದು ಸುಲಭವಲ್ಲ. ಕಾನೂನಿನ ವ್ಯಾಖ್ಯಾನ ನಂತರ ಬದಲಾಯಿತು ಎಂಬುದು ಪುನರ್ವಿಮರ್ಶೆಗೂ ಕಾರಣವಾಗದು ಎಂದು ಸಂಹಿತೆಯ 47ನೇ ಆದೇಶವೇ ಹೇಳುತ್ತದೆ. ಇದು ನೋವಿನ ಸಂಗತಿ, ಆದರೆ ತಿಳಿದಿರಲಿ. ಅಂಥವರು ತಡವಾದ ಮೇಲ್ಮನವಿಯನ್ನು ವಿಳಂಬ ಮನ್ನಾ ಅರ್ಜಿಯೊಂದಿಗೆ ಸಲ್ಲಿಸುವ ಸಾಧ್ಯತೆಯನ್ನು ವಕೀಲರ ಜೊತೆ ಚರ್ಚಿಸಬೇಕು.

ಯಾವಾಗ ಹಳೆಯ ಕೇಸು ತಡೆಯಾಗುವುದಿಲ್ಲ

ದಾವೆ ವಜಾ ಆಯಿತು ಎಂದರೆ ಸೋತಂತೆ ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ. ಕೋರ್ಟು ಶುಲ್ಕ ಕಟ್ಟದ್ದಕ್ಕೆ, ಕೋರ್ಟಿಗೆ ವ್ಯಾಪ್ತಿ ಇಲ್ಲದ್ದಕ್ಕೆ, ಅಗತ್ಯ ಕಕ್ಷಿಗಾರರನ್ನು ಸೇರಿಸದ್ದಕ್ಕೆ ವಜಾ ಆಗಿದ್ದರೆ ವಿವಾದದ ಮೇಲೆ ತೀರ್ಮಾನವೇ ಆಗಿಲ್ಲ.

ವಾದಿ ಗೈರಾಗಿದ್ದಕ್ಕೆ ವಜಾ ಆದ ದಾವೆಯ ಸ್ಥಿತಿ ಬೇರೆ. ಅದು ರೆಸ್ ಜುಡಿಕೇಟಾ ಅಲ್ಲ. ಆದರೆ ಅಂದು ಪ್ರತಿವಾದಿ ಹಾಜರಿದ್ದು ವಾದಿ ಮಾತ್ರ ಬಾರದಿದ್ದರೆ, ಅದೇ ಕಾರಣಕ್ಕೆ ಹೊಸ ದಾವೆ ಹೂಡದಂತೆ 9ನೇ ಆದೇಶ ಪ್ರತ್ಯೇಕವಾಗಿ ತಡೆಯುತ್ತದೆ. 30 ದಿನದೊಳಗೆ ಹಳೆಯ ದಾವೆಯನ್ನೇ ಮತ್ತೆ ಕಡತಕ್ಕೆ ತೆಗೆದುಕೊಳ್ಳುವಂತೆ ಅರ್ಜಿ ಹಾಕುವುದೇ ಸರಿಯಾದ ದಾರಿ. ಪಾಲು ಕೇಳುವ ಹಕ್ಕು ಕುಟುಂಬ ಒಟ್ಟಾಗಿರುವವರೆಗೂ ಜೀವಂತ ಎಂಬ ತತ್ತ್ವದ ಮೇಲೆ ಪಾಲಿನ ದಾವೆಗಳಿಗೆ ಹೈಕೋರ್ಟುಗಳು ಇಲ್ಲಿ ಸ್ವಲ್ಪ ವಿನಾಯಿತಿ ತೋರಿವೆ. ಅದನ್ನೇ ನಂಬಿ ಅರ್ಜಿ ಹಾಕದೆ ಕೂರಬೇಡಿ. ದಾವೆಯನ್ನು ನೀವೇ ಹಿಂತೆಗೆದುಕೊಳ್ಳುವಾಗಲೂ "ಹೊಸ ದಾವೆ ಹೂಡಲು ಅನುಮತಿಯೊಂದಿಗೆ" ಎಂಬ ಮಾತು ಆದೇಶದಲ್ಲಿ ಇರಬೇಕು. ಮೆಮೊದಲ್ಲಿ ಬರೆದದ್ದು ಸಾಲದು, ನ್ಯಾಯಾಧೀಶರ ಆದೇಶದಲ್ಲಿ ಬರಬೇಕು.

ಏಕಪಕ್ಷೀಯ ಡಿಕ್ರಿಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಪ್ರತಿವಾದಿ ಬಾರದಿದ್ದರೂ ಕೋರ್ಟು ವಾದಿಯ ಸಾಕ್ಷ್ಯ ನೋಡಿ ಕೊಟ್ಟ ಡಿಕ್ರಿ ಪೂರ್ಣ ಪ್ರಮಾಣದಲ್ಲಿ ತಡೆಯಾಗುತ್ತದೆ. ರದ್ದುಪಡಿಸಲು ಅರ್ಜಿ ಹಾಕುವ ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಆ ಎಣಿಕೆ ಡಿಕ್ರಿಯ ವಿಷಯ ತಿಳಿದ ದಿನದಿಂದ.

ಮೋಸದಿಂದ ಪಡೆದ ಡಿಕ್ರಿಗೆ ಕಾನೂನಿನ ರಕ್ಷಣೆ ಇಲ್ಲ. ತಾನೇ ಬರೆದುಕೊಟ್ಟಿದ್ದ ಹಕ್ಕು ಬಿಡುಗಡೆ ಪತ್ರವನ್ನು ಮುಚ್ಚಿಟ್ಟು ಪಾಲಿನ ಡಿಕ್ರಿ ಪಡೆದವನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಡಿಕ್ರಿಯನ್ನೇ ಮೋಸದ್ದೆಂದು ಹೇಳಿತು. ಅಪ್ರಾಪ್ತ ವಯಸ್ಸಿನವರ ಪರವಾಗಿ ನಿಂತ ಪಾಲಕರು ಘೋರ ನಿರ್ಲಕ್ಷ್ಯ ತೋರಿದ್ದರೆ, ಆ ಮಕ್ಕಳು ದೊಡ್ಡವರಾದ ಮೇಲೆ ಡಿಕ್ರಿಯನ್ನು ಪ್ರಶ್ನಿಸಬಹುದು. 18 ತುಂಬಿದ ಮೇಲೆ ಸಾಮಾನ್ಯವಾಗಿ 3 ವರ್ಷದೊಳಗೆ ಎಂಬುದು ನೆನಪಿರಲಿ. ಆದರೆ "ಮೋಸ" ಎಂದು ಬರೆದರೆ ಸಾಲದು. ಯಾರು, ಯಾವಾಗ, ಯಾವ ದಾಖಲೆಯನ್ನು ಹೇಗೆ ಮರೆಮಾಚಿದರು ಎಂಬುದನ್ನು ವಾದಪತ್ರದಲ್ಲಿ ಬಿಡಿಸಿ ಹೇಳಬೇಕು.

ರಾಜಿ ಡಿಕ್ರಿ ಮತ್ತು ಲೋಕ ಅದಾಲತ್

ರಾಜಿಯಲ್ಲಿ ಕೋರ್ಟು ಏನನ್ನೂ ತೀರ್ಮಾನಿಸುವುದಿಲ್ಲ, ನಿಮ್ಮ ಒಪ್ಪಂದಕ್ಕೆ ಮೊಹರು ಹಾಕುತ್ತದೆ. ಆದರೂ ಸಹಿ ಹಾಕಿದವರು ಆ ಮಾತಿಗೆ ಬದ್ಧರು. ಮೋಸದಿಂದ ಸಹಿ ಪಡೆದರು ಎನ್ನುವುದಿದ್ದರೆ ಬೇರೆ ದಾವೆ ಹೂಡುವಂತಿಲ್ಲ. ಡಿಕ್ರಿ ಕೊಟ್ಟ ಅದೇ ಕೋರ್ಟಿಗೆ ಹೋಗಬೇಕು. ಲೋಕ ಅದಾಲತ್‌ನ ತೀರ್ಪಿಗೆ ಮೇಲ್ಮನವಿಯೇ ಇಲ್ಲ, ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಸಣ್ಣ ದಾರಿ ಮಾತ್ರ. ಆದ್ದರಿಂದ ಅದಾಲತ್ ದಿನದ ಗಡಿಬಿಡಿಯಲ್ಲಿ ಷೆಡ್ಯೂಲ್ ಓದದೆ, ಚಕ್ಕುಬಂದಿ ತಾಳೆ ನೋಡದೆ ಸಹಿ ಹಾಕಬೇಡಿ. ಅಮ್ಮ, ಅಜ್ಜಿಯಂಥ ಹಿರಿಯರಿಗೆ ರಾಜಿ ಅರ್ಜಿಯನ್ನು ಪೂರ್ತಿ ಓದಿ ಹೇಳಿ.

ಒಂದೇ ತೀರ್ಪು, ಎರಡು ದಾವೆ

ಈ ಬಲೆಯಲ್ಲಿ ಅನುಭವಿಗಳೂ ಸಿಕ್ಕಿಬೀಳುತ್ತಾರೆ. ತಂಗಿ ಪಾಲಿಗೆ ದಾವೆ ಹೂಡಿರುತ್ತಾಳೆ, ಅಣ್ಣ ತನ್ನದೇ ಆಸ್ತಿ ಎಂದು ಘೋಷಣೆಗೆ ದಾವೆ ಹೂಡಿರುತ್ತಾನೆ. ಎರಡನ್ನೂ ಒಟ್ಟಿಗೆ ವಿಚಾರಿಸಿ ಕೋರ್ಟು ಒಂದೇ ತೀರ್ಪು ಬರೆಯುತ್ತದೆ. ತಂಗಿಯ ದಾವೆ ವಜಾ, ಅಣ್ಣನದಕ್ಕೆ ಡಿಕ್ರಿ. ತಂಗಿ ತನ್ನ ದಾವೆಯ ಮೇಲೆ ಮಾತ್ರ ಮೇಲ್ಮನವಿ ಹೋಗುತ್ತಾಳೆ, "ತೀರ್ಪು ಒಂದೇ ತಾನೇ" ಎಂದು. ಅಲ್ಲೇ ಎಡವುವುದು. ಅಣ್ಣನ ದಾವೆಯ ಡಿಕ್ರಿ ಪ್ರಶ್ನೆಯಿಲ್ಲದೆ ಅಂತಿಮವಾಗುತ್ತದೆ. ಅದರಲ್ಲಿರುವ "ಆಸ್ತಿ ಅಣ್ಣನ ಸ್ವಯಾರ್ಜಿತ" ಎಂಬ ತೀರ್ಮಾನ ತಂಗಿಯ ಮೇಲ್ಮನವಿಗೇ ತಡೆಯಾಗುತ್ತದೆ. 1966ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣ ತೀರ್ಮಾನಿಸಿತು. ಮೇಲ್ಮನವಿಗಳ ಪೈಕಿ ಒಂದು ತಡವಾಗಿದ್ದಕ್ಕೆ, ಇನ್ನೊಂದು ದಾಖಲೆ ಮುದ್ರಣದ ಕ್ರಮ ಕೈಗೊಳ್ಳದ್ದಕ್ಕೆ ವಜಾ ಆಗಿದ್ದರೂ, ಉಳಿದವಕ್ಕೆ ಅವೇ ತಡೆಯಾದವು. ದಾವೆ ಎರಡಿದ್ದರೆ, ಡಿಕ್ರಿ ಎರಡಿದ್ದರೆ, ಮೇಲ್ಮನವಿಯೂ ಎರಡು. ಕೌಂಟರ್ ಕ್ಲೈಮ್ ಇದ್ದರೂ ಇದೇ ಎಚ್ಚರ ಬೇಕು.

ಸಮನ್ಸ್ ಬಂದಿದ್ದರೆ ಮಾಡಬೇಕಾದ್ದು

1. ಹಳೆಯ ಕೇಸಿನ ನಂಬರು ಮತ್ತು ವರ್ಷ ಹುಡುಕಿ. ಮನೆಯಲ್ಲಿ ಕಾಗದ ಸಿಗದಿದ್ದರೆ ಪಹಣಿ, ಮ್ಯುಟೇಷನ್ ಪ್ರತಿಗಳಲ್ಲಿ ಓ.ಎಸ್. ನಂಬರಿನ ಉಲ್ಲೇಖ ಸಿಗಬಹುದು. ಈಚಿನ ಕೇಸಾಗಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಕ್ಷಿಗಾರರ ಹೆಸರಿನಿಂದ ಹುಡುಕಿ.

2. ವಾದಪತ್ರ, ಲಿಖಿತ ಹೇಳಿಕೆ, ವಿವಾದಾಂಶಗಳು, ತೀರ್ಪು, ಡಿಕ್ರಿ, ಮೇಲ್ಮನವಿಯ ತೀರ್ಪು, ಇವಿಷ್ಟರ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ತೀರ್ಪೊಂದನ್ನೇ ಹಾಜರುಪಡಿಸಿದರೆ ಆಗ ವಿವಾದ ಏನಿತ್ತೆಂದು ತೋರಿಸಲಾಗದೆ ವಾದ ಬಿದ್ದುಹೋಗಬಹುದು.

3. ಲಿಖಿತ ಹೇಳಿಕೆಯಲ್ಲಿ ಈ ತಕರಾರನ್ನು ಸ್ಪಷ್ಟವಾಗಿ ಬರೆಸಿ. ಅವಧಿ 30 ದಿನ, ಕೋರ್ಟು ವಿಸ್ತರಿಸಿದರೆ 90 ದಿನ. ಎತ್ತದಿದ್ದರೆ ಬಿಟ್ಟುಕೊಟ್ಟಂತೆ. ಕೋರ್ಟು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ.

4. ಇದರ ಮೇಲೆ ಪ್ರತ್ಯೇಕ ವಿವಾದಾಂಶ ರೂಪಿಸುವಂತೆ ಕೇಳಿ.

"ವಾದಪತ್ರವನ್ನೇ ತಿರಸ್ಕರಿಸಿ" ಎಂಬ ಅರ್ಜಿಯಿಂದ ಒಂದೇ ಏಟಿಗೆ ಮುಗಿಸುವ ಆಸೆ ಎಲ್ಲರಿಗೂ. ಆ ಅರ್ಜಿಯಲ್ಲಿ ಕೋರ್ಟು ವಾದಿಯ ವಾದಪತ್ರ ಬಿಟ್ಟು ಬೇರೇನನ್ನೂ ನೋಡುವಂತಿಲ್ಲ. ಹಿಂದಿನ ದಾವೆಯ ಕಡತವನ್ನೆಲ್ಲ ತಾಳೆ ನೋಡಬೇಕಾದ ಈ ತಕರಾರನ್ನು ಸಾಮಾನ್ಯವಾಗಿ ಆ ಹಂತದಲ್ಲಿ ತೀರ್ಮಾನಿಸಲಾಗದು ಎಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ದಾವೆ ಹೂಡುವ ಯೋಚನೆಯಿದ್ದರೆ

ವಕೀಲರ ಮುಂದೆ ಹಳೆಯ ಕೇಸನ್ನು ಮುಚ್ಚಿಡಬೇಡಿ. ಎದುರುಪಕ್ಷ ತಂದೇ ತರುತ್ತದೆ. ವಾದಪತ್ರದಲ್ಲೇ ಹಳೆಯ ಕೇಸನ್ನು ಹೇಳಿ, ಅದು ಏಕೆ ತಡೆಯಲ್ಲ ಎಂದು ವಿವರಿಸುವುದು ಲೇಸು. ನಿಮಗೆ ನಿಜಕ್ಕೂ ಹೊಸ ದಾವೆ ಬೇಕೇ, ಅಂತಿಮ ಡಿಕ್ರಿಯ ಅರ್ಜಿ ಸಾಕೇ, ಅಮಲ್ಜಾರಿಯೇ, ತಡವಾದ ಮೇಲ್ಮನವಿಯೇ ಎಂದು ಕೇಳಿ. ತಡೆ ನೇರವಾಗಿ ಅನ್ವಯಿಸದಿದ್ದರೂ, ಮುಗಿದದ್ದನ್ನೇ ಬೇರೆ ವೇಷದಲ್ಲಿ ತರುವುದು ಕೋರ್ಟಿನ ದುರುಪಯೋಗ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಮೋದಿ ಕೈಗಾರಿಕಾ ಕುಟುಂಬದ ಆಸ್ತಿ ವ್ಯಾಜ್ಯದಲ್ಲಿ ಹೇಳಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲು ಹೂಡಿದ ದಾವೆಯೇ "ಹಿಂದಿನ ದಾವೆ" ಎಂದುಕೊಳ್ಳುವುದು ಒಂದು. ಕಾನೂನು ನೋಡುವುದು ಯಾವುದು ಮೊದಲು ತೀರ್ಮಾನವಾಯಿತು ಎಂಬುದನ್ನು. ಮಗನ ಹೆಸರಲ್ಲೋ ಹೆಂಡತಿಯ ಹೆಸರಲ್ಲೋ ದಾವೆ ಹೂಡಿದರೆ ತಪ್ಪಿಸಿಕೊಳ್ಳಬಹುದು ಎಂಬುದು ಇನ್ನೊಂದು. ನಿಮ್ಮ ಮೂಲಕವೇ ಅವರು ಹಕ್ಕು ಕೇಳುತ್ತಿದ್ದರೆ ತಡೆ ಅವರಿಗೂ ಅಂಟುತ್ತದೆ. ಸರ್ವೆ ನಂಬರಿಗೆ ಹೊಸ ಹಿಸ್ಸಾ ನಂಬರು ಬಂದ ಮಾತ್ರಕ್ಕೆ ಆಸ್ತಿ ಬೇರೆಯಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು, ಸೋತ ದಿನ ಬೇಸರದಿಂದ ಮನೆಗೆ ಬಂದು ಕಾಗದ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುವುದು.

ಖರ್ಚಿಗೆ ಹಿಂಜರಿಯುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ತೀರ್ಪು ವಿರುದ್ಧ ಬಂದಿದ್ದರೆ ಅದೇ ದಿನ ನಕಲಿಗೆ ಅರ್ಜಿ ಹಾಕಿ: ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗೆ 90 ದಿನ, ನಕಲು ಪಡೆಯಲು ಹಿಡಿದ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.